ಮೂರು ಮನೆಯವ್ರು ಸೇರಿ ಒಂದೇ ಒಲೆ ಹಚ್ಚಬೇಕು ಅಂತಿದೀವಿ, ಯಾರಾದ್ರೂ ಹಿಂಗೆ ಬದುಕಿದೀರಾ?

ಅಡಿಕೆತೋಟದವ:
ಎಲ್ರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಕೆಲಸ ಮಾಡೋನು, ಸಿಎಸ್‌ಐ ಸಭೆಯವನು, ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾ. ನಾವು ಮೂರು ಕುಟುಂಬ, ಆರು ಜನ ದೊಡ್ಡೋರು ನಾಲ್ಕು ಮಕ್ಳು, ನಾಲ್ಕು ವರ್ಷದಿಂದ ಪ್ರತಿ ಗುರುವಾರ ಸಂಜೆ ಒಟ್ಟಿಗೆ ಬೈಬಲ್ ಓದ್ತೀವಿ. ಈ ಸಲ ಅಪೊಸ್ತಲರ ಕೃತ್ಯಗಳು 2ನೇ ಅಧ್ಯಾಯಕ್ಕೆ ಬಂದ್ವಿ, ಅದ್ರಲ್ಲಿ ನಂಬಿದವರೆಲ್ಲ ಆಸ್ತಿಪಾಸ್ತಿ 'ಹುದುವಾಗಿ', ಅಂದ್ರೆ ಎಲ್ರಿಗೂ ಸೇರಿದ್ದಾಗಿ, ಇಟ್ಕೊಂಡಿದ್ರು ಅಂತ ಬರುತ್ತಲ್ಲ, ಆ ಪದ ತಲೇಲಿ ಕೂತ್ಬಿಟ್ಟಿದೆ. ತೀರ್ಥಹಳ್ಳಿ ಹತ್ರ ನಮ್ಮ ಮಾವನವ್ರ ಹಳೇ ಮನೆ ಖಾಲಿ ಬಿದ್ದಿದೆ, ಎರಡು ಎಕರೆ ಅಡಿಕೆ ಇದೆ, ಮೂರೂ ಮನೆಯವ್ರು ಅಲ್ಲಿಗೇ ಹೋಗಿ ಒಂದೇ ಅಡಿಗೆ, ಒಂದೇ ಪ್ರಾರ್ಥನೆ, ಸಂಬಳ ಎಲ್ಲಾ ಒಂದೇ ಅಕೌಂಟಿಗೆ ಅಂತ ಪ್ಲಾನು. ಮಾವ ಕೇಳಿ ನಕ್ರು, "ಕೂಡುಕುಟುಂಬ ಹಿಸ್ಸೆ ಆಗಿ ಮೂವತ್ತು ವರ್ಷ ಆಯ್ತು, ಈಗ ನೀವು ಬೇರೆಯವ್ರ ಜೊತೆ ಸೇರ್ಕೊಂಡು ಮತ್ತೆ ಕಟ್ತೀರಾ" ಅಂತ. ಇದಾಗೋ ಕೆಲಸಾನಾ?

ಭದ್ರಾವತಿ ರಿಟೈರ್ಡ್:
ಬ್ರದರ್, 2ನೇ ಅಧ್ಯಾಯಕ್ಕೇ ನಿಲ್ಲಿಸ್ಬೇಡಿ, 5 ಮತ್ತು 6 ಕೂಡ ಓದಿ. ಅನನೀಯ ಹೊಲ ಮಾರಿ ದುಡ್ಡಲ್ಲಿ ಸ್ವಲ್ಪ ಬಚ್ಚಿಟ್ಟು ಪೂರ್ತಿ ಕೊಟ್ಟೆ ಅಂದ, ಅವಾಗ ಪೇತ್ರ ಹೇಳಿದ್ದೇನು? ಮಾರೋಕ್ಕಿಂತ ಮುಂಚೆ ಹೊಲ ನಿಂದೇ ಆಗಿತ್ತು, ಮಾರಿದ್ಮೇಲೆ ದುಡ್ಡೂ ನಿನ್ನ ಕೈಲೇ ಇತ್ತು ಅಂತ. ಕೊಡ್ಲೇಬೇಕು ಅಂತ ಯಾರೂ ಹೇಳಿರ್ಲಿಲ್ಲ, ಸುಳ್ಳು ಹೇಳಿದ್ದು ತಪ್ಪಾಯ್ತು. ಇನ್ನು 6ನೇ ಅಧ್ಯಾಯ ಶುರುವಾಗೋದೇ ಗೊಣಗಾಟದಿಂದ, ದಿನಾ ಊಟ ಹಂಚೋವಾಗ ಗ್ರೀಕ್ ಭಾಷೆಯ ವಿಧವೆಯರನ್ನ ಕಡೆಗಣಿಸ್ತಿದಾರೆ ಅಂತ ಜಗಳ. ಅದನ್ನ ನೋಡ್ಕೊಳ್ಳೋಕೇ ಏಳು ಜನರನ್ನ ಆರಿಸ್ಬೇಕಾಯ್ತು. ಪಂಚಾಶತ್ತಮ, ಅಂದ್ರೆ ಪವಿತ್ರಾತ್ಮ ಇಳಿದು ಬಂದ ದಿನ, ಆಗಿ ಎಷ್ಟು ದಿನ ಆಗಿತ್ತೋ, ಜಗಳ ಬಂದಿದ್ದು ಊಟದ ವಿಷ್ಯಕ್ಕೆ!

ಆದ್ರೂ ಆಗಲ್ಲ ಅಂತ ನಾನು ಹೇಳಲ್ಲ. 1528ರಲ್ಲಿ ಯೂರೋಪಿನ ಮೊರಾವಿಯಾದಲ್ಲಿ ಊರು ಬಿಟ್ಟು ಹೊರಟಿದ್ದ ಸುಮಾರು ಇನ್ನೂರು ಜನ ಕ್ರೈಸ್ತರು ದಾರೀಲಿ ನೆಲದ ಮೇಲೆ ಒಂದು ನಿಲುವಂಗಿ ಹಾಸಿ, ಇದ್ದಿದ್ದನ್ನೆಲ್ಲಾ ಅದರ ಮೇಲೆ ಹಾಕಿದ್ರು, ನಮ್ಮ ಕಡೆ ಆಗಿದ್ರೆ ಕಂಬಳಿ ಹಾಸ್ತಿದ್ರು ಅನ್ಕೊಳ್ಳಿ. ಅವರ ಪರಂಪರೆಯವ್ರು ಹಟರೈಟರು, ಈಗ್ಲೂ ಕೆನಡಾ, ಅಮೆರಿಕದಲ್ಲಿ ಹಂಗೇ ಒಟ್ಟಿಗೆ ಬೇಸಾಯ ಮಾಡ್ಕೊಂಡಿದಾರೆ.

ಕೊಪ್ಪದ ಅಕ್ಕ:
ತಮ್ಮಾ, ನಾನು ಎರಡೂವರೆ ವರ್ಷ ಇಂಥದ್ದೇ ಒಂದು ಮನೇಲಿದ್ದೆ, ಹೆಸರು ಬೇಡ, ಆ ಜನ ಕೆಟ್ಟೋರಲ್ಲ. ಪ್ರಾರ್ಥನೆ ವಿಷ್ಯಕ್ಕೆ ಒಂದಿನ ಜಗಳ ಆಗ್ಲಿಲ್ಲ. ಆಗಿದ್ದೆಲ್ಲಾ ಬಚ್ಚಲ ಒಲೆಗೆ. ಜುಲೈ ತಿಂಗಳು, ಹೊರಗೆ ಧೋ ಅಂತ ಮಳೆ, ಸೌದೆ ಒದ್ದೆ, ಹಂಡೆ ನೀರು ಕಾಯ್ಬೇಕು ಅಂದ್ರೆ ಬೆಳಗ್ಗೆ ಐದಕ್ಕೆ ಯಾರೋ ಒಬ್ರು ಎದ್ದು ಹೊಗೆ ಕುಡೀತಾ ಊದ್ಬೇಕು. ಆ ಯಾರೋ ಒಬ್ರು ಅಂದ್ರೆ ಯಾವಾಗ್ಲೂ ನಾನು ಮತ್ತೆ ಇನ್ನೊಬ್ಬ ಹುಡುಗಿ. ಗಂಡಸ್ರು ಎದ್ದು ಬಂದು ಬಿಸಿನೀರಲ್ಲಿ ಸ್ನಾನ ಮಾಡಿ "ದೇವರಿಗೆ ಸ್ತೋತ್ರ" ಅಂತಿದ್ರು, ನಂಗೆ ಮೈಯೆಲ್ಲಾ ಉರಿಯೋದು. ಬಾಯಿ ಬಿಟ್ಟು ಹೇಳೋಣ ಅಂದ್ರೆ ಸೇವಾ ಮನೋಭಾವ ಇಲ್ಲ ಅಂತಾರೇನೋ ಅಂತ ಭಯ.

ಆಮೇಲೆ ಒಬ್ರು ಫಾದರ್ ಹೇಳಿದ್ರು, ಸಂತ ಬೆನೆಡಿಕ್ಟ್ 6ನೇ ಶತಮಾನದಲ್ಲೇ ಮಠಕ್ಕೆ ನಿಯಮ ಬರೆಯೋವಾಗ ಅಡಿಗೆಮನೆಗೆ ಅಂತಾನೇ ಒಂದು ಅಧ್ಯಾಯ ಇಟ್ಟಿದಾನಂತೆ. ವಾರದ ಸರದಿ ಎಲ್ರಿಗೂ, ಶನಿವಾರ ಸರದಿ ಮುಗಿಸೋನು ಕೈಕಾಲು ಒರೆಸೋ ಬಟ್ಟೆ ಒಗೆದು, ಪಾತ್ರೆಪಗಡ ತೊಳೆದು ಲೆಕ್ಕ ಒಪ್ಪಿಸ್ಬೇಕು, ಮುಂದಿನ ವಾರದೋನ ಜೊತೆ ಸೇರಿ ಎಲ್ರ ಕಾಲು ತೊಳೀಬೇಕು. ಕೇಳಿ ನಂಗೆ ಅಳು ಬಂತು ನಿಜ ಹೇಳ್ತೀನಿ. ಅಷ್ಟು ಹಿಂದಿನವನಿಗೆ ಗೊತ್ತಾಗಿತ್ತು, ನಮಗೆ ಒಂದು ಚೀಟಿ ಬರೆದು ಗೋಡೆಗೆ ಅಂಟಿಸ್ಬೇಕು ಅನ್ನೋದು ಹೊಳೀಲಿಲ್ಲ.

ಇನ್ನೊಂದು ಮಾತು, ನಾನು ಪಿಎಫ್ ದುಡ್ಡು ಪೂರ್ತಿ ಹಾಕಿದ್ದೆ, ಒಂದು ಕಾಗದ ಇಲ್ಲ, ಬಿಟ್ಟು ಬರೋವಾಗ ಬಸ್ ಚಾರ್ಜಿಗೂ ಕೇಳ್ಬೇಕಾಯ್ತು. ಪಹಣಿ ಯಾರ ಹೆಸರಲ್ಲಿ ಇರುತ್ತೆ, ಬಿಟ್ಟು ಹೋಗೋರಿಗೆ ಏನು ಕೊಡ್ತೀರಿ, ಇದನ್ನ ಪ್ರೀತಿ ಇರೋವಾಗ್ಲೇ ಬರ್ಕೊಳ್ಳಿ.

ಮಲೆಗಾಳಿ:
ಎಲ್ಲಾ ಸರಿ, ಆದ್ರೆ ಹತ್ತು ಜನ ತೋಟದೊಳಗೆ ಗೇಟ್ ಹಾಕ್ಕೊಂಡು ಕೂತ್ರೆ ಪಕ್ಕದ ಮನೆಯವ್ರಿಗೆ ಏನು ಬಂತು? 1921ರಲ್ಲಿ ತಮಿಳುನಾಡಿನ ತಿರುಪತ್ತೂರಲ್ಲಿ ಕ್ರಿಸ್ತುಕುಲ ಆಶ್ರಮ ಶುರು ಮಾಡಿದ ಜೇಸುದಾಸನ್, ಫಾರೆಸ್ಟರ್ ಪೇಟನ್ ಇಬ್ರೂ ಡಾಕ್ಟರುಗಳು, ಸುತ್ತಲಿನ ಬಡವ್ರಿಗೆ ಔಷಧಿ ಕೊಡ್ತಾ ಬದುಕಿದ್ರು. ಒಬ್ಬ ನಮ್ಮವನು, ಒಬ್ಬ ಸ್ಕಾಟ್ಲೆಂಡಿನವನು. ಮದುವೆ ಮಕ್ಳು ಅಂತ ಇರ್ಲಿಲ್ಲ, ನಿಮ್ಮ ಕಥೆ ಬೇರೆ, ಗೊತ್ತು. ಕೊನೇಪಕ್ಷ ಊರವ್ರ ಮುಯ್ಯಾಳಿಗೆ ಹೋಗಿ. ಕೊಳೆರೋಗಕ್ಕೆ ಔಷಧಿ ಹೊಡೆಯೋ ಟೈಮಲ್ಲಿ, ಅಡಿಕೆ ಸುಲಿಯೋ ಟೈಮಲ್ಲಿ ಕೈ ಜೋಡಿಸಿ, ಸುಲೀತಾ ಕೂತಾಗ ಬರೋ ಮಾತುಕತೆ ಯಾವ ಸುವಾರ್ತಾ ಕೂಟಕ್ಕೂ ಕಮ್ಮಿ ಇಲ್ಲ.

ಅಡಿಕೆತೋಟದವ:
ಎಲ್ರಿಗೂ ಥ್ಯಾಂಕ್ಸ್. ನಿನ್ನೆ ಗುರುವಾರ ಮೂರೂ ಮನೆಯವ್ರು ಕೂತು ಇದನ್ನೆಲ್ಲಾ ಓದಿದ್ವಿ. ಜಂಟಿ ಅಕೌಂಟ್ ಸದ್ಯಕ್ಕೆ ಬೇಡ, ದಿನಸಿ ಖರ್ಚಿಗೆ ಮಾತ್ರ ಒಂದು ಡಬ್ಬಿ, ಯಾರೂ ಶಿವಮೊಗ್ಗದ ಮನೆ ಖಾಲಿ ಮಾಡೋ ಹಾಗಿಲ್ಲ, ಒಂದು ಮಳೆಗಾಲ ಇದ್ದು ನೋಡೋದು ಅಂತ ಆಯ್ತು. ಕೊಪ್ಪದ ಅಕ್ಕ ಬರೆದಿದ್ದನ್ನ ಓದ್ತಿದ್ದಂಗೆ ಮೂರು ಹೆಂಗಸ್ರೂ ಒಬ್ರ ಮುಖ ಒಬ್ರು ನೋಡ್ಕೊಂಡ್ರು, ನಾವು ಮೂರು ಜನ ನೆಲ ನೋಡಿದ್ವಿ. ಬಚ್ಚಲ ಒಲೆ ಮೊದಲನೇ ವಾರ ನಂದೇ, ಚೀಟಿ ಆಗ್ಲೇ ರೆಡಿ. ಅಕ್ಕಾ, ಒದ್ದೆ ಸೌದೆ ಹೊತ್ತಿಸೋಕೆ ಏನ್ ಮಾಡ್ತಿದ್ರಿ?

ಕೊಪ್ಪದ ಅಕ್ಕ:
ಮೇ ತಿಂಗಳಲ್ಲೇ ಅಡಿಕೆ ಸಿಪ್ಪೆ, ಒಣಗಿದ ಹಾಳೆ ಎಲ್ಲಾ ಚೀಲ ತುಂಬಿ ಅಟ್ಟದ ಮೇಲೆ ಹಾಕ್ಕೊ. ಮಾರನೇ ದಿನದ ಸೌದೆ ರಾತ್ರೀನೇ ಒಲೆ ಪಕ್ಕ ಒರಗಿಸಿಡು, ಬಿಸಿಗೆ ಒಣಗುತ್ತೆ. ಸೀಮೆಎಣ್ಣೆ ಮುಟ್ಬೇಡ, ನೀರೆಲ್ಲಾ ವಾಸನೆ.