ಸಹಾಯ ಬೇಕು: ನಮ್ಮ ಬನ್ನೂರು ಟಗರು ಕುರಿಗಳ ಹತ್ತಿರ ಹೋಗುತ್ತಿಲ್ಲ

ನಮಸ್ಕಾರ. ನಮ್ಮ ಬನ್ನೂರು ಟಗರಿಗೆ ಒಂದೂವರೆ ವರ್ಷ. ಹಾಲು ಬಿಡಿಸಿದ ಮೇಲೆ ಗಂಡುಮರಿಗಳ ಜೊತೆಯಲ್ಲೇ ಬೆಳೆದಿದೆ. ಮೈ ಚೆನ್ನಾಗಿದೆ, ಮೇವೂ ಸರಿಯಾಗಿ ತಿನ್ನುತ್ತದೆ.

ನಿನ್ನೆ ಬೆದೆಗೆ ಬಂದ ಕುರಿಯೊಂದು ತಾನಾಗಿಯೇ ಬಂದು ಅದರ ಪಕ್ಕೆಗೆ ಒರಗಿ ಬಾಲ ಆಡಿಸಿತು. ಇದು ಒಮ್ಮೆ ಮೂಸಿ, ಮೇಲ್ದುಟಿ ಎತ್ತಿ, ಸುಮ್ನೆ ತಿರುಗಿ ಹೋಯಿತು. ಹೋಗಿ ಇನ್ನೊಂದು ಗಂಡಿನ ಮೇಲೆ ಹತ್ತಿತು.

ಹರೆಯದ ಗಂಡುಮರಿಗಳಲ್ಲಿ ಇದು ಮಾಮೂಲಿ, ಅಲ್ವಾ? ಅಮೆರಿಕದ ಐಡಾಹೋದಲ್ಲಿ ನಡೆದ ಪರೀಕ್ಷೆಗಳಲ್ಲಿ ಸುಮಾರು ಶೇ. 8ರಷ್ಟು ಟಗರುಗಳು ಹೆಣ್ಣಿದ್ದರೂ ಗಂಡನ್ನೇ ಆರಿಸಿಕೊಂಡಿದ್ದವು. ಅದು ಕಾಯಿಲೆ ಅಲ್ಲ. ಹೊಡೆದು ಬಡಿದು ಕಲಿಸುವ ಸಲಹೆ ದಯವಿಟ್ಟು ಬೇಡ.

ಎರಡು ಮೂರು ಸಲ ಈದ ಕುರಿಗಳ ಜೊತೆ ಬಿಟ್ಟರೆ ಕಲಿಯುತ್ತದಾ? ಬೆದೆ ಬರುವುದು ಸುಮಾರು 17 ದಿನಕ್ಕೊಮ್ಮೆ. ಎಷ್ಟು ಸುತ್ತು ಕಾಯಬೇಕು? ಸಾಕಿ ನೋಡಿದವರು ಹೇಳಿ. ಇದನ್ನು ಮಾರಲು ನನಗೆ ಮನಸ್ಸಿಲ್ಲ.