ಡಿಸೆಂಬರ್‌ನಲ್ಲಿ ಕೆಲಸ ಹುಡುಕುವ ಹುಮ್ಮಸ್ಸು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ:
ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಂದು, ವಿಜಯನಗರದ ಪಿಜಿಯೊಂದರಲ್ಲಿ ಇದ್ದುಕೊಂಡು ಏಳು ತಿಂಗಳಿನಿಂದ ಅಕೌಂಟ್ಸ್ ವಿಭಾಗದ ಕೆಲಸ ಹುಡುಕುತ್ತಿದ್ದೇನೆ. ನವೆಂಬರ್‌ನಲ್ಲಿ ಎರಡು ಸುತ್ತಿನ ಸಂದರ್ಶನ ನಡೆಸಿದ ಕಂಪನಿಯೊಂದು ಆಮೇಲೆ ಉಸಿರೆತ್ತಿಲ್ಲ. ಜನವರಿಯಲ್ಲಿ ಡೈರಿಯ ಮೊದಲ ಪುಟದಲ್ಲಿ ಬರೆದಿದ್ದ ‘ಜೂನ್ ಒಳಗೆ ಕೆಲಸ’ ಎಂಬ ಸಾಲನ್ನು ನೋಡಲೂ ಈಗ ಮನಸ್ಸಾಗುವುದಿಲ್ಲ. ಹೊಸ ವರ್ಷಕ್ಕೆ ಮತ್ತೆ ಗುರಿ ಬರೆಯುವುದರಲ್ಲಿ ಅರ್ಥವಿದೆಯೇ?

ಉತ್ತರ 1:
ನೇಮಕಾತಿ ವಿಭಾಗದಲ್ಲಿ ಇರುವವಳಾಗಿ ಹೇಳುತ್ತೇನೆ, ಡಿಸೆಂಬರ್‌ನ ಮೌನವನ್ನು ತಿರಸ್ಕಾರವೆಂದು ಓದಬೇಡಿ. ಸಹಿ ಹಾಕಬೇಕಾದವರು ರಜೆಯಲ್ಲಿರುತ್ತಾರೆ. ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ ಅನೇಕ ಕಡೆ ಹೊಸ ಹುದ್ದೆಗಳಿಗೆ ಏಪ್ರಿಲ್‌ನಲ್ಲಷ್ಟೇ ಹಣ ಮಂಜೂರಾಗುತ್ತದೆ. ಆದರೆ ನಿಮ್ಮ ಕ್ಷೇತ್ರದ ಲೆಕ್ಕವೇ ಬೇರೆ. ವರ್ಷಾಂತ್ಯದ ಲೆಕ್ಕಪತ್ರ ಮುಗಿಸುವ ಗಡಿಬಿಡಿಯಲ್ಲಿ ಲೆಕ್ಕಪರಿಶೋಧಕರ ಸಣ್ಣ ಕಚೇರಿಗಳಿಗೆ ಕೆಲಸಗಾರರು ಬೇಕಾಗುತ್ತಾರೆ. ಅಲ್ಲಿಯ ಹುದ್ದೆಗಳು ಜಾಲತಾಣಗಳಲ್ಲಿ ಕಾಣಿಸುವುದು ಅಪರೂಪ, ಖುದ್ದಾಗಿ ಹೋಗಿ ಕೇಳಬೇಕು. ನವೆಂಬರ್‌ನ ಕಂಪನಿಗೂ ಎರಡು ಸಾಲಿನ ಮೇಲ್ ಕಳುಹಿಸಿ.

ಉತ್ತರ 2:
‘ಜೂನ್ ಒಳಗೆ ಕೆಲಸ’ ಎಂಬುದು ಗುರಿಯಲ್ಲ, ಹರಕೆ. ಅದನ್ನು ಈಡೇರಿಸುವುದು ಇನ್ನೊಬ್ಬರ ಕೈಯಲ್ಲಿದೆ. ನಾನು ಹನ್ನೊಂದು ತಿಂಗಳು ಖಾಲಿ ಕುಳಿತಿದ್ದಾಗ, ವಾರಕ್ಕೆ ಐದು ಅರ್ಜಿ, ಪ್ರತಿಯೊಂದಕ್ಕೂ ತಿದ್ದಿದ ಬಯೋಡೇಟಾ, ಬೆಳಿಗ್ಗೆ ಒಂದು ಗಂಟೆ ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದ ಅಭ್ಯಾಸ ಎಂದಷ್ಟೇ ಬರೆದುಕೊಂಡಿದ್ದೆ. ಭಾನುವಾರ ಫೋನನ್ನು ಮುಟ್ಟುತ್ತಿರಲಿಲ್ಲ (ಅಮ್ಮನ ಕರೆಯೊಂದನ್ನು ಬಿಟ್ಟು).

ಪ್ರಶ್ನೆ ಕೇಳಿದವರು:
ಮೇಲ್ ಕಳುಹಿಸಿದ್ದೇನೆ. ನಾಳೆ ಚಾಮರಾಜಪೇಟೆಯ ಕಡೆ ನಾಲ್ಕು ಕಚೇರಿಗಳ ಮೆಟ್ಟಿಲು ಹತ್ತಿ ಬರುತ್ತೇನೆ.