ಹೊಲಿಗೆಯೂ ಹೂಗಿಡವೂ ವರ್ಷವಿಡೀ ಜೊತೆಯಾಗಿ: ಅನುಭವ ಹಂಚಿಕೆ

ಪ್ರಶ್ನೆ

ನಮಸ್ಕಾರ. ನೌಕರಿಯಿಂದ ನಿವೃತ್ತಳಾದ ಮೇಲೆ ಹೊಲಿಗೆ ಯಂತ್ರದ ಮುಂದೆ ಮತ್ತೆ ಕುಳಿತಿದ್ದೇನೆ. ಬಾಲ್ಕನಿಯಲ್ಲಿ 15 ಹೂಕುಂಡಗಳೂ ಇವೆ. ತುಂಡುಬಟ್ಟೆಗಳಿಂದ ಒಂದು ಕೌದಿ ಹೊಲಿಯಬೇಕೆಂದು ಎರಡು ಸಲ ಆರಂಭಿಸಿ, ಎರಡು ಸಲವೂ ಅರ್ಧಕ್ಕೆ ಬಿಟ್ಟೆ. ಹೊಲಿಗೆಯಲ್ಲಿ ಮುಳುಗಿದರೆ ಗಿಡಗಳು ಬಾಡುತ್ತವೆ, ಗಿಡಗಳ ಆರೈಕೆಗೆ ನಿಂತರೆ ಬಟ್ಟೆಯ ರಾಶಿ ಇದ್ದಲ್ಲೇ ಉಳಿಯುತ್ತದೆ. ಎರಡನ್ನೂ ಸಂತೋಷದಿಂದ ನಡೆಸಿಕೊಂಡು ಹೋಗುತ್ತಿರುವವರು ತಮ್ಮ ಕ್ರಮವನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ

ನಿಮ್ಮ ಪ್ರಶ್ನೆ ಓದಿದಾಗ ನನ್ನ ಆರಂಭದ ವರ್ಷಗಳು ನೆನಪಾದವು. ನಾನೂ ಕೌದಿಯನ್ನು ಒಂದೇ ಕೆಲಸವೆಂದು ತಿಳಿದು, ಬಟ್ಟೆ ಕತ್ತರಿಸಿದ ವಾರದಲ್ಲೇ ಮುಗಿಸಲು ಹೊರಡುತ್ತಿದ್ದೆ; ಎರಡನೆಯ ವಾರಕ್ಕೆ ಬೆನ್ನು ನೋಯುತ್ತಿತ್ತು, ಮೂರನೆಯ ವಾರಕ್ಕೆ ಕುಂಡಗಳ ಮಣ್ಣು ಬಿರುಕು ಬಿಟ್ಟಿರುತ್ತಿತ್ತು. ಬಟ್ಟೆ ಒಗೆದು ಇಸ್ತ್ರಿ ಮಾಡುವುದು, ಕತ್ತರಿಸುವುದು, ತುಂಡುಗಳನ್ನು ಜೋಡಿಸುವುದು, ಮೇಲುಬಟ್ಟೆ, ಹತ್ತಿಯ ಪದರ, ಅಸ್ತರು ಈ ಮೂರನ್ನೂ ಸೇರಿಸಿ ಹೊಲಿಯುವುದು, ಕೊನೆಗೆ ಅಂಚು ಕಟ್ಟುವುದು, ಇವೆಲ್ಲ ಬೇರೆ ಬೇರೆ ಕೆಲಸಗಳೆಂದು ಅರಿವಾದ ಮೇಲೆ ಒಂದೊಂದನ್ನೂ ಅದಕ್ಕೆ ಒಗ್ಗುವ ಕಾಲಕ್ಕೆ ಬಿಟ್ಟುಕೊಟ್ಟೆ. ಈಗ ವರ್ಷಕ್ಕೆ ಒಂದು ಕೌದಿ ಮುಗಿಯುತ್ತದೆ, ಗಿಡಗಳೂ ಸೊರಗುವುದಿಲ್ಲ.

ಬೇಸಿಗೆಯಲ್ಲಿ ಒಗೆಯುವುದು ಮತ್ತು ಕತ್ತರಿಸುವುದು, ಅಷ್ಟೇ. ಹೊಸ ಹತ್ತಿ ಬಟ್ಟೆಯನ್ನು ಒಗೆಯದೆಯೇ, ಹಲವು ಸಲ ಒಗೆದ ಹಳೆಯ ಬಟ್ಟೆಯ ಪಕ್ಕದಲ್ಲಿಟ್ಟು ಹೊಲಿದರೆ, ಕೌದಿ ಮೊದಲ ಸಲ ನೀರು ಕಂಡಾಗ ಹೊಸತು ಕುಗ್ಗಿ ಹಳೆಯದು ಸುಕ್ಕುಗಟ್ಟುತ್ತದೆ. ಹಾಗಾಗಿ ಎಲ್ಲವನ್ನೂ ಮೊದಲೇ ಒಗೆದು, ಬಣ್ಣ ಮಾಸದಂತೆ ನೆರಳಿನಲ್ಲಿ ಒಣಗಿಸುತ್ತೇನೆ. ಬಿಸಿಲಿನ ದಿನಗಳಲ್ಲಿ ಗಿಡಗಳು ಬೇಡುವುದು ಮುಂಜಾನೆಯ ನೀರು ಮತ್ತು ಮಧ್ಯಾಹ್ನದ ಒಂದಿಷ್ಟು ನೆರಳು ಮಾತ್ರ. ನೀರು ಹಾಕಿ ಬಂದು ಕೈ ಒರೆಸಿಕೊಂಡು, ಹೊತ್ತೇರುವ ಮೊದಲು ಒಂದು ಗಂಟೆ ಕತ್ತರಿಸಲು ಕೂರುತ್ತೇನೆ. ಬಟ್ಟೆಯ ಹಾಸೆಳೆ ಹೊಕ್ಕೆಳೆಗಳಿಗೆ ನೇರವಾಗಿ ಕತ್ತರಿಸಬೇಕು, ಏಕೆಂದರೆ ಓರೆಯಾಗಿ ಕತ್ತರಿಸಿದ ಅಂಚು ಕೈ ತಾಕಿದರೂ ಹಿಗ್ಗುತ್ತದೆ. ಇನ್ನೊಂದು ಮಾತು: ಬಟ್ಟೆಯ ಕತ್ತರಿ ಗಿಡದ ಕೊಂಬೆಯನ್ನು ಎಂದಿಗೂ ಮುಟ್ಟಬಾರದು.

ಮಳೆಗಾಲದಲ್ಲಿ ನೀರು ಹಾಕುವ ಶ್ರಮ ತಪ್ಪುವುದರಿಂದ ಅದೇ ಸಮಯವನ್ನು ಯಂತ್ರಕ್ಕೆ ಕೊಡುತ್ತೇನೆ. ದಾಸವಾಳ, ಗುಲಾಬಿ, ಸೇವಂತಿಗೆಗಳ ಕೊಂಬೆ ನೆಟ್ಟು ಬೇರು ಬರಿಸಲು ಗಾಳಿಯ ತೇವವೇ ಸಹಾಯ ಮಾಡುತ್ತದೆ. ಅವು ಬೇರು ಬಿಡುವ ಮೂರ್ನಾಲ್ಕು ವಾರಗಳನ್ನು ನಾನು ತುಂಡುಗಳನ್ನು ಜೋಡಿಸುವುದರಲ್ಲಿ ಕಳೆಯುತ್ತೇನೆ. ಆದರೆ ಅದೇ ತೇವ ಯಂತ್ರಕ್ಕೆ ಶತ್ರು. ಸೂಜಿಯನ್ನು ಯಂತ್ರದಲ್ಲೇ ಬಿಟ್ಟು ವಾರಗಟ್ಟಲೆ ಮರೆತರೆ ಕಣ್ಣಿಗೆ ಕಾಣದಷ್ಟು ತುಕ್ಕು ಹಿಡಿದು ದಾರ ಪದೇ ಪದೇ ತುಂಡಾಗುತ್ತದೆ. ಕೆಳದಾರದ ಉರುಳೆ ಕೂರುವ ಬಾಬಿನ್ ಕೇಸಿನ ಸುತ್ತ ಸೇರುವ ನೂಲಿನ ಧೂಳನ್ನು ಸಣ್ಣ ಬ್ರಷ್ಷಿನಿಂದ ತೆಗೆದು, ಎಣ್ಣೆ ಬಿಟ್ಟ ಮೇಲೆ ಮೊದಲು ಒಂದು ಬೇಡದ ಬಟ್ಟೆಯ ಮೇಲೆ ಹತ್ತಾರು ಸಾಲು ಓಡಿಸಿ, ಕಲೆ ಬರುವುದಿಲ್ಲವೆಂದು ಖಚಿತವಾದ ನಂತರವೇ ಕೌದಿಯ ತುಂಡನ್ನು ಅದರಡಿ ಇಡಬೇಕು.

ಚಳಿ ಬಂತೆಂದರೆ ಮೂರೂ ಪದರಗಳನ್ನು ಹರಡಿ, ಅಂಗೈ ಅಗಲಕ್ಕೊಂದರಂತೆ ಕಚ್ಚಾ ಹೊಲಿಗೆ ಹಾಕಿ, ನಡುವಿನಿಂದ ಅಂಚಿನ ಕಡೆಗೆ ಕೈಯಲ್ಲಿ ಹೊಲಿಯುತ್ತಾ ಹೋಗುತ್ತೇನೆ. ಅಂಚಿನಿಂದ ಒಳಗೆ ಬಂದರೆ ಬಟ್ಟೆಯ ಸಡಿಲವೆಲ್ಲ ನಡುವೆ ಸೇರಿ ಉಬ್ಬಿಕೊಳ್ಳುತ್ತದೆಂಬುದು ನನ್ನ ಅನುಭವ. ಹೊಲಿಯುತ್ತಿರುವ ಕೌದಿಯೇ ಮಡಿಲ ಮೇಲೆ ಬೆಚ್ಚಗೆ ಕುಳಿತಿರುತ್ತದೆ. ಎದುರಿಗೆ ಚೆಂಡುಹೂವೂ ಸೇವಂತಿಗೆಯೂ ಅರಳಿರುವ ಆ ಎರಡು ತಿಂಗಳಿಗಾಗಿ ನಾನು ಇಡೀ ವರ್ಷ ಕಾಯುತ್ತೇನೆ.

ಎರಡನೆಯ ಉತ್ತರ

ಮೇಲಿನವರು ಕಾಲದ ಲೆಕ್ಕ ಹೇಳಿದ್ದಾರೆ. ನಾನು ಅಳತೆಯ ಲೆಕ್ಕ ಹೇಳುತ್ತೇನೆ, ಏಕೆಂದರೆ ಕೌದಿಯನ್ನು ಅರ್ಧಕ್ಕೆ ಬಿಡಲು ಸಮಯದ ಕೊರತೆಗಿಂತ ಸಾಲುಗಳು ಒಂದಕ್ಕೊಂದು ಕೂಡದಿರುವುದೇ ಹೆಚ್ಚಾಗಿ ಕಾರಣವೆಂದು ನನಗೆ ತೋರುತ್ತದೆ. ತುಂಡುಗಳ ಜೋಡಣೆಗೆ ಬಿಡುವ ಅಂಚು ಸಾಮಾನ್ಯವಾಗಿ ಕಾಲು ಇಂಚು. ಹೊಲಿಗೆ ಪ್ರತಿ ಸಲವೂ 1/16 ಇಂಚು, ಅಂದರೆ ಒಂದು ವೀಸದಷ್ಟು ಒಳಗೆ ಸರಿದರೆ, ಎರಡೂ ಬದಿ ಸೇರಿ ಒಂದು ತುಂಡು ಅರೆಕಾಲು ಇಂಚು ಚಿಕ್ಕದಾಗುತ್ತದೆ. 12 ತುಂಡುಗಳ ಸಾಲು ಒಂದೂವರೆ ಇಂಚು ಕಡಿಮೆಯಾಗಿ, ಸರಿಯಾಗಿ ಹೊಲಿದ ಪಕ್ಕದ ಸಾಲಿಗೆ ಹೇಗೆ ಎಳೆದರೂ ಕೂಡುವುದಿಲ್ಲ.

ನಿಮ್ಮ ಯಂತ್ರದಲ್ಲಿ ಕಾಲು ಇಂಚು ನಿಜವಾಗಿಯೂ ಕಾಲು ಇಂಚೇ ಎಂಬುದನ್ನು ಹೀಗೆ ಪರೀಕ್ಷಿಸಿ. ಎರಡೂವರೆ ಇಂಚು ಅಗಲದ ಮೂರು ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ ಹೊಲಿದು ಇಸ್ತ್ರಿ ಮಾಡಿದಾಗ, ನಡುವಿನ ಪಟ್ಟಿ ಸರಿಯಾಗಿ ಎರಡು ಇಂಚು ಇರಬೇಕು. ಇಲ್ಲವಾದರೆ ಸೂಜಿಯಿಂದ ಕಾಲು ಇಂಚು ಬಲಕ್ಕೆ ಯಂತ್ರದ ತಟ್ಟೆಯ ಮೇಲೆ ಒಂದು ಅಂಟುಪಟ್ಟಿಯನ್ನು ಹಚ್ಚಿ, ಬಟ್ಟೆಯ ಅಂಚು ಅದನ್ನು ಸವರಿಕೊಂಡು ಹೋಗುವಂತೆ ಹೊಲಿಯಿರಿ. ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಎಳೆದಾಡದೆ, ಇಟ್ಟು ಒತ್ತಿ ಎತ್ತಬೇಕು.

ಬಣ್ಣದ ವಿಷಯದಲ್ಲಿ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಒಂದು ಕಡುಗೆಂಪು ಬಟ್ಟೆಯನ್ನು ಒಗೆದಿದ್ದೇನೆಂಬ ಧೈರ್ಯದಿಂದ ಬಿಳಿಯ ತುಂಡುಗಳ ನಡುವೆ ಇಟ್ಟು ಹೊಲಿದೆ. ಮುಗಿದ ಕೌದಿಯನ್ನು ನೆನೆಸಿ ಎತ್ತಿದಾಗ ಪ್ರತಿ ಬಿಳಿ ಚೌಕದ ಅಂಚಿನಲ್ಲೂ ಗುಲಾಬಿ ಬಣ್ಣದ ಮಸುಕು ಗೆರೆಯೊಂದು ಮೂಡಿತ್ತು, ಅದು ಇಂದಿಗೂ ಹೋಗಿಲ್ಲ. ಒಂದು ಒಗೆತ ಸಾಲದು. ಒದ್ದೆಯಾದ ಕೆಂಪು ಬಟ್ಟೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಒತ್ತಿ, ಬಿಳಿ ಬಿಳಿಯಾಗಿಯೇ ಉಳಿಯುವವರೆಗೆ ಒಗೆಯುತ್ತಿರಬೇಕು.

ಮೂರನೆಯ ಉತ್ತರ

ನಾನು ಮುಖ್ಯವಾಗಿ ಹೂಗಿಡ ಬೆಳೆಸುವವಳು, ಹೊಲಿಗೆ ಆಮೇಲೆ ಕಲಿತದ್ದು. ಈ ಎರಡು ಹವ್ಯಾಸಗಳು ಒಂದಕ್ಕೊಂದು ಅಡ್ಡ ಬಂದ ವಿಚಿತ್ರ ಸಂಗತಿಯೊಂದನ್ನು ತಿಳಿಸಬೇಕೆನಿಸಿತು.

ಒಂದೇ ತಾಯಿಗಿಡದಿಂದ ಮಾಡಿದ ಆರು ಸೇವಂತಿಗೆ ಗಿಡಗಳಲ್ಲಿ ನಾಲ್ಕು ಬಾಲ್ಕನಿಯ ಮೂಲೆಯಲ್ಲಿದ್ದವು, ಎರಡನ್ನು ಅಂದಕ್ಕಾಗಿ ಹೊಲಿಗೆ ಯಂತ್ರದ ಪಕ್ಕದ ಕಿಟಕಿಯ ಹೊರಗೆ ಇಟ್ಟಿದ್ದೆ. ಮೂಲೆಯ ನಾಲ್ಕೂ ಮೊಗ್ಗು ತುಂಬಿ ನಿಂತಾಗ ಕಿಟಕಿಯ ಎರಡು ಬರೀ ಹಸಿರೆಲೆ ಬಿಡುತ್ತಾ ಎತ್ತರಕ್ಕೆ ಹೋಗುತ್ತಿದ್ದವು. ಗೊಬ್ಬರ ಬದಲಿಸಿದೆ, ಮಣ್ಣು ಬದಲಿಸಿದೆ, ಪ್ರಯೋಜನವಾಗಲಿಲ್ಲ. ಕಾರಣ ನನ್ನ ದೀಪವಾಗಿತ್ತು. ಸೇವಂತಿಗೆ ರಾತ್ರಿ ದೀರ್ಘವಾಗುತ್ತಾ ಹೋದಾಗ ಮೊಗ್ಗು ಕಟ್ಟುವ ಗಿಡ. ಅದಕ್ಕೆ ನಡುವೆ ಬೆಳಕು ಬೀಳದ ಉದ್ದನೆಯ ಕತ್ತಲು ಬೇಕು. ನಾನು ರಾತ್ರಿ 11 ಗಂಟೆಯವರೆಗೆ ಪ್ರಖರವಾದ ದೀಪದಡಿ ಹೊಲಿಯುತ್ತಿದ್ದುದರಿಂದ ಆ ಎರಡು ಗಿಡಗಳಿಗೆ ರಾತ್ರಿಯೇ ಆಗುತ್ತಿರಲಿಲ್ಲ. ಅವುಗಳನ್ನೂ ಮೂಲೆಗೆ ಸರಿಸಿದ ಮೇಲೆ, ತಡವಾಗಿಯಾದರೂ, ಹೂಬಿಟ್ಟವು. ಆದ್ದರಿಂದ ಕುಂಡಗಳ ಜಾಗವನ್ನು ನಿರ್ಧರಿಸುವಾಗ ಹಗಲಿನ ಬಿಸಿಲಿನ ಜೊತೆಗೆ ನಿಮ್ಮ ಹೊಲಿಗೆಯ ದೀಪವನ್ನೂ ಗಮನಿಸಿ.

ಗಿಡಗಳು ಬಾಡುತ್ತವೆ ಎಂದು ಬರೆದಿದ್ದೀರಿ. ಸಣ್ಣ ಕುಂಡದ ಮಣ್ಣು ಒಂದೇ ದಿನದಲ್ಲಿ ಒಣಗುವುದರಿಂದ, 15 ಸಣ್ಣ ಕುಂಡಗಳ ಬದಲು ಏಳೆಂಟು ದೊಡ್ಡ ಕುಂಡಗಳನ್ನಿಟ್ಟು, ಮಣ್ಣಿನ ಮೇಲೆ ಒಣ ಎಲೆಗಳನ್ನು ಹೊದಿಸಿದರೆ, ನೀವು ಒಂದು ದಿನ ಯಂತ್ರದ ಮುಂದೆ ಮೈಮರೆತರೂ ಗಿಡ ತಾಳಿಕೊಳ್ಳುತ್ತದೆ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿನೊಳಗೆ ಇಳಿಸಿ, ಅಲ್ಲಿ ತೇವವಿದ್ದರೆ ನೀರು ಹಾಕಬೇಡಿ. ಚೆಂಡುಹೂವಿನ ಬೀಜವನ್ನು ಒಮ್ಮೆಲೇ ಬಿತ್ತದೆ ಮೂರು ವಾರಗಳ ಅಂತರದಲ್ಲಿ ಮೂರು ಸಲ ಬಿತ್ತಿದರೆ ಹೂವಿನ ಕಾಲ ಉದ್ದವಾಗುತ್ತದೆ. ಸಸಿ ಗೇಣುದ್ದವಾದಾಗ ಕುಡಿ ಚಿವುಟಿದರೆ ಕವಲೊಡೆದು ಪೊದೆಯಾಗುತ್ತದೆ. ಬಾಡಿದ ಹೂವನ್ನು ಗಿಡದಲ್ಲೇ ಬಿಟ್ಟರೆ ಅದರ ಶಕ್ತಿಯೆಲ್ಲ ಬೀಜಕ್ಕೆ ಹೋಗುವುದರಿಂದ, ದಿನಕ್ಕೆ ಐದು ನಿಮಿಷ ಒಣ ಹೂಗಳನ್ನು ಕಿತ್ತರೆ ಹೊಸ ಮೊಗ್ಗುಗಳು ಬರುತ್ತಲೇ ಇರುತ್ತವೆ. ಮಲ್ಲಿಗೆ ಹೊಸ ಚಿಗುರಿನಲ್ಲಿ ಹೂಬಿಡುತ್ತದೆ, ಹೂವಿನ ಸುಗ್ಗಿ ಮುಗಿದೊಡನೆ ಧೈರ್ಯವಾಗಿ ಸವರಿ.

ನಾಲ್ಕನೆಯ ಉತ್ತರ

ಕಾಲಕ್ಕೊಂದು ಕೆಲಸವೆಂಬ ಮೊದಲ ಉತ್ತರವನ್ನು ಗೌರವದಿಂದ ಓದಿದೆನಾದರೂ ನನಗೆ ಅದು ಒಗ್ಗಲಿಲ್ಲ. ಮೂರು ತಿಂಗಳು ಸೂಜಿ ಹಿಡಿಯದಿದ್ದರೆ ನನ್ನ ಹೊಲಿಗೆಯ ಓರಣವೇ ಕೆಡುತ್ತದೆ. ಕಾಗದದ ಷಟ್ಕೋನಗಳ ಮೇಲೆ ಬಟ್ಟೆ ಮಡಚಿ ಕೈಯಲ್ಲಿ ಹೊಲಿಯುವ ಕ್ರಮವನ್ನು ಹಿಡಿದ ಮೇಲೆ ನನ್ನ ತೊಂದರೆ ನೀಗಿತು. ಒಂದು ಇಂಚಿನ ಬದಿಯುಳ್ಳ ಷಟ್ಕೋನಕ್ಕೆ ಎರಡೂವರೆ ಇಂಚಿನ ಚೌಕ ಬಟ್ಟೆ ಸಾಕು. ನಡುವೆ ಹಳದಿಯದೊಂದು, ಅದರ ಸುತ್ತ ಆರು, ಅವುಗಳ ಸುತ್ತ ಹನ್ನೆರಡು, ಹೀಗೆ 19 ತುಂಡುಗಳು ಸೇರಿದರೆ ಒಂದು ಹೂವು. 1930ರ ದಶಕದಲ್ಲಿ ಅಮೆರಿಕದ ಮನೆಮನೆಗಳಲ್ಲಿ ಬಹಳ ಪ್ರಿಯವಾಗಿದ್ದ ಈ ವಿನ್ಯಾಸವನ್ನು ಅಲ್ಲಿನವರು 'ಅಜ್ಜಿಯ ಹೂದೋಟ' ಎಂದು ಕರೆದರು.

ಸೂಜಿ, ದಾರ, ಸಣ್ಣ ಕತ್ತರಿ, ಇಪ್ಪತ್ತು ಷಟ್ಕೋನಗಳು ಒಂದು ತಗಡಿನ ಡಬ್ಬಿಯಲ್ಲಿ ಹಿಡಿಯುತ್ತವೆ. ಗಿಡಗಳಿಗೆ ನೀರು ಹಾಕಿ, ಕೈ ತೊಳೆದು, ಅಲ್ಲೇ ಒಂದು ಕುರ್ಚಿಯಲ್ಲಿ ಅರ್ಧ ಗಂಟೆ ಕುಳಿತರೆ ನಾಲ್ಕೈದು ಬದಿಗಳು ಹೊಲಿದಿರುತ್ತವೆ. ಉಗುರಿನ ಸಂದಿಯ ಮಣ್ಣು ತಿಳಿಬಣ್ಣದ ಬಟ್ಟೆಗೆ ಹತ್ತುವುದರಿಂದ ಹಳೆಯ ಹಲ್ಲುಜ್ಜುವ ಬ್ರಷ್ಷೊಂದನ್ನು ಕೈ ತೊಳೆಯುವಲ್ಲೇ ಇಟ್ಟುಕೊಂಡಿದ್ದೇನೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಂದು ಬೆಳಿಗ್ಗೆ ಮೂರು ಪಟ್ಟಿಗಳ ಪರೀಕ್ಷೆ ಮಾಡಿದೆ; ನಡುವಿನ ಪಟ್ಟಿ ಎರಡು ಇಂಚಿಗೆ ಅರೆಕಾಲು ಇಂಚು ಕಡಿಮೆ ಬಂತು. ಅರ್ಧಕ್ಕೆ ಬಿಟ್ಟ ಎರಡು ಕೌದಿಗಳ ಸಾಲುಗಳೂ ಏಕೆ ಕೂಡಲಿಲ್ಲವೆಂಬುದು ಈಗ ತಿಳಿಯಿತು. ಅಂಟುಪಟ್ಟಿ ಹಚ್ಚಿದ್ದೇನೆ, ಮೊದಲ ಕೌದಿಯ ಹೊಲಿಗೆಗಳನ್ನು ಬಿಚ್ಚಲು ಆರಂಭಿಸಿದ್ದೇನೆ. ಕಿಟಕಿಯ ಬಳಿಯಿದ್ದ ಸೇವಂತಿಗೆಯ ಕುಂಡವನ್ನೂ ಆಚೆಯ ಮೂಲೆಗೆ ಸರಿಸಿಯಾಯಿತು.